ಔಷಧ ಬಾಯಿಗೆ, ಬೂಷ್ಟು ಸೆಟ್ಟಿನಲ್ಲಿ

ಮೆಡಿಕಲ್ ಸ್ಟೋರಿಗೆ ಬಂದು ಅದೇ ಮೌತ್ ಪೇಂಟ್ ಬಾಟಲಿಯನ್ನು ಮತ್ತೆ ಮತ್ತೆ ಕೇಳಿ ಒಯ್ಯುವ ಹಿರಿಯರು ಎಲ್ಲ ಊರಿನಲ್ಲೂ ಇದ್ದಾರೆ. ಹಚ್ಚಿಕೊಂಡಷ್ಟು ದಿನ ಬಾಯಿ ತಣ್ಣಗಿರುತ್ತದೆ, ಸಾರು ತಾಗಿದರೂ ಉರಿಯುವುದಿಲ್ಲ. ಬಾಟಲಿ ಖಾಲಿಯಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ಅಂಗುಳ ಮತ್ತೆ ಕೆಂಪಾಗಿ, ಕಟಬಾಯಿ ಮತ್ತೆ ಸೀಳಿರುತ್ತದೆ. ‘ಉಷ್ಣ ಆಗಿದೆ’, ‘ಔಷಧ ಡೂಪ್ಲಿಕೇಟ್ ಇರಬೇಕು’, ‘ವಯಸ್ಸಾಯ್ತಲ್ಲ’ ಎಂದು ಮನೆಯಲ್ಲಿ ತಲೆಗೊಂದು ಕಾರಣ ಹೇಳುತ್ತಾರೆ. ಹಲ್ಲಿನ ಸೆಟ್ಟು ಹಾಕಿಕೊಳ್ಳುವವರ ವಿಷಯದಲ್ಲಿ ಕಾರಣ ಅನೇಕ ಸಲ ಕಣ್ಣೆದುರಿಗೇ, ಬಚ್ಚಲಿನ ಗೂಡಿನಲ್ಲಿಟ್ಟ ಲೋಟದಲ್ಲಿರುತ್ತದೆ. ಔಷಧ ಹಚ್ಚಿದ್ದು ಬಾಯಿಗೆ. ಫಂಗಸ್ಸು ಬೀಡುಬಿಟ್ಟಿರುವುದು ಹಲ್ಲಿನ ಸೆಟ್ಟಿನ ಒಳಮೈಯಲ್ಲಿ.

ಬಾಯಿಯ ಫಂಗಲ್ ಸೋಂಕು ಎಂದರೆ ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಯೀಸ್ಟಿನ ಕೆಲಸ. ಅದರಲ್ಲೂ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಪ್ರಭೇದದ್ದೇ ದೊಡ್ಡ ಪಾಲು. ಇದು ಹೊರಗಿನಿಂದ ಬಂದ ಶತ್ರುವಲ್ಲ. ಯಾವ ಕಾಯಿಲೆಯೂ ಇಲ್ಲದವರ ಬಾಯಿಯನ್ನು ಪರೀಕ್ಷಿಸಿದರೂ ಮೂವರಲ್ಲಿ ಒಬ್ಬರಿಂದ ಹಿಡಿದು ಅರ್ಧದಷ್ಟು ಜನರಲ್ಲಿ ಅದು ಸಿಗುತ್ತದೆ. ಒಳ್ಳೆಯ ಜೊಲ್ಲು ಹರಿಯುತ್ತಿರುವ, ಬ್ಯಾಕ್ಟೀರಿಯಾಗಳ ಲೆಕ್ಕಾಚಾರ ಸರಿಯಿರುವ ಬಾಯಲ್ಲಿ ಅದು ವರ್ಷಗಟ್ಟಲೆ ತೆಪ್ಪಗಿರುತ್ತದೆ. ನಮ್ಮ ಜೊಲ್ಲಿನಲ್ಲಿ ಹಿಸ್ಟಾಟಿನ್ ಎಂಬ ಪುಟ್ಟ ಪ್ರೋಟೀನುಗಳಿವೆ. ಅವು ಕ್ಯಾಂಡಿಡಾವನ್ನು ನೇರವಾಗಿ ಕೊಲ್ಲಬಲ್ಲವು. ಆ್ಯಂಟಿಬಯಾಟಿಕ್ ನುಂಗಿ ಪೈಪೋಟಿಗಿದ್ದ ಬ್ಯಾಕ್ಟೀರಿಯಾಗಳು ಸತ್ತಾಗ, ಸ್ಟಿರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ತಗ್ಗಿದಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಮಾತ್ರೆಗಳಿಂದಲೋ ವಯಸ್ಸಿನಿಂದಲೋ ಬಾಯಿ ಒಣಗಿದಾಗ ಅದರ ವೇಷ ಬದಲಾಗುತ್ತದೆ.

ವೇಷ ಎಂಬುದನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಸೋಂಕಾದ ಅಂಗುಳವನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಬಗೆಯ ಆಕಾರಗಳು ಒಟ್ಟಿಗೆ ಕಾಣುತ್ತವೆ. ಒಂದು, ಮೊಟ್ಟೆಯಾಕಾರದ ಪುಟ್ಟ ಕೋಶಗಳು. ಕೆಲವಕ್ಕೆ ಪಕ್ಕದಲ್ಲಿ ಮೊಗ್ಗು ಒಡೆದಿರುತ್ತದೆ. ಇನ್ನೊಂದು, ಕವಲೊಡೆದು ಹಬ್ಬಿದ ಉದ್ದುದ್ದ ಎಳೆಗಳು. ಎರಡೂ ಅದೇ ಜೀವಿ. ಮೊಟ್ಟೆಯಾಕಾರದ್ದು ತೇಲಿ ಹರಡಲು, ಎಳೆ ನಾಟಿಕೊಂಡು ಒಳನುಗ್ಗಲು. ಎಳೆಯನ್ನು ವಿಜ್ಞಾನಿಗಳು ಹೈಫೆ ಎನ್ನುತ್ತಾರೆ. ಲ್ಯಾಬಿನಲ್ಲಿ ಆಲ್ಬಿಕನ್ಸನ್ನು ಗುರುತಿಸುವ ಹಳೆಯ ಪರೀಕ್ಷೆ ನಿಂತಿರುವುದೂ ಈ ಗುಣದ ಮೇಲೆಯೇ. ರಕ್ತದ ಸೀರಮ್ಮಿನಲ್ಲಿ ಕೋಶಗಳನ್ನು ಹಾಕಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟರೆ ಎರಡು ಮೂರು ಗಂಟೆಯಲ್ಲಿ ಕೋಶಗಳಿಂದ ಮೊಳಕೆಗಳು ಹೊರಚಾಚುತ್ತವೆ. 37 ಡಿಗ್ರಿ ನಮ್ಮ ಮೈಯ ಶಾಖ ಎಂಬುದನ್ನು ನೆನಪಿಡಿ.

ಇದರಿಂದ ಓದುಗರಿಗೆ ಒಂದು ಉಪಯೋಗವಿದೆ. ಬಾಯಿಯ ಸ್ವ್ಯಾಬ್ ಕಲ್ಚರ್ ವರದಿಯಲ್ಲಿ ‘ಕ್ಯಾಂಡಿಡಾ ಬೆಳೆದಿದೆ’ ಎಂದಷ್ಟೇ ಇದ್ದರೆ ಗಾಬರಿಯಾಗಬೇಕಿಲ್ಲ. ಅದು ಇರುವುದೇ ಹಾಗೆ. ಬಾಯಲ್ಲಿ ಲಕ್ಷಣವಿದ್ದು, ಕೆರೆದು ತೆಗೆದ ಮಾದರಿಯಲ್ಲಿ ಎಳೆಗಳೂ ಕಂಡರೆ ಚಿಕಿತ್ಸೆಗೆ ಅರ್ಥವಿದೆ. ವರದಿಯೊಂದನ್ನೇ ಹಿಡಿದು ಮಾತ್ರೆ ನುಂಗುವುದು ದುಡ್ಡಿಗೂ ದಂಡ, ಮೈಗೂ ದಂಡ.

ಅಂಟು, ಕತ್ತರಿ, ವಿಷ

ರೋಗ ತರುವ ಶಕ್ತಿಯನ್ನು ಕ್ಯಾಂಡಿಡಾ ಒಂದೇ ಕಡೆ ಬಚ್ಚಿಟ್ಟುಕೊಂಡಿಲ್ಲ. ಮೊದಲನೆಯದು ಅಂಟಿಕೊಳ್ಳುವ ಶಕ್ತಿ. ಬಾಯಿ ಸದಾ ತೊಳೆದುಹೋಗುವ ಜಾಗ. ನುಂಗಿದಾಗಲೆಲ್ಲ ಸಾವಿರಾರು ಸೂಕ್ಷ್ಮಜೀವಿಗಳು ಹೊಟ್ಟೆಗೆ ಹೋಗಿ ಸಾಯುತ್ತವೆ. ಉಳಿಯಬೇಕಾದರೆ ಹಿಡಿದುಕೊಳ್ಳಬೇಕು. ಇದರ ಕೋಶದ ಹೊರಗೋಡೆಯಲ್ಲಿ ಎಎಲ್ಎಸ್ ಎಂಬ ಕುಟುಂಬದ ಪ್ರೋಟೀನುಗಳಿವೆ. ಅವುಗಳಲ್ಲಿ ಎಎಲ್ಎಸ್-3 ಎಂಬುದು ಎಳೆಯ ರೂಪದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ನಮ್ಮ ಬಾಯಿಯ ಕೋಶಕ್ಕೆ ಅಂಟಿಕೊಳ್ಳುವುದಲ್ಲದೆ, ಆ ಕೋಶವೇ ತನ್ನನ್ನು ಒಳಕ್ಕೆ ಎಳೆದುಕೊಳ್ಳುವಂತೆ ಮಾಡುತ್ತದೆ. ಎಚ್‌ಡಬ್ಲ್ಯುಪಿ-1 ಎಂಬ ಇನ್ನೊಂದು ಪ್ರೋಟೀನಿನ ಕಥೆ ಇನ್ನೂ ಸ್ವಾರಸ್ಯ. ನಮ್ಮ ಬಾಯಿಯ ಕೋಶಗಳು ತಮ್ಮ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದುಕೊಳ್ಳಲು ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವವನ್ನು ಬಳಸುತ್ತವೆ. ಈ ಪ್ರೋಟೀನು ಅದೇ ಕಿಣ್ವದ ಕಣ್ಣಿಗೆ ನಮ್ಮದೇ ಪ್ರೋಟೀನಿನಂತೆ ಕಾಣುತ್ತದೆ. ಹಾಗಾಗಿ ನಮ್ಮ ಕಿಣ್ವವೇ ಫಂಗಸ್ಸನ್ನು ನಮ್ಮ ಕೋಶಕ್ಕೆ ಬೆಸೆದುಕೊಡುತ್ತದೆ. ಇದು ಗೊತ್ತಾದದ್ದು 1999ರಲ್ಲಿ. ಬಾಯಿ ಮುಕ್ಕಳಿಸಿದ ಮಾತ್ರಕ್ಕೆ ಈ ಸೋಂಕು ಯಾಕೆ ಹೋಗುವುದಿಲ್ಲ ಎಂದು ಕೇಳುವವರಿಗೆ ಇಷ್ಟು ಸಾಕು.

ಅಂಟಿದ ಮೇಲೆ ಕತ್ತರಿಸುವ ಕೆಲಸ. ಪ್ರೋಟೀನುಗಳನ್ನು ಕತ್ತರಿಸುವ ಹತ್ತು ಕಿಣ್ವಗಳ ಒಂದು ಬಳಗ, ಕೊಬ್ಬನ್ನು ಒಡೆಯುವ ಲೈಪೇಸ್ ಮತ್ತು ಫಾಸ್ಫೊಲೈಪೇಸ್‌ಗಳು ಇದರ ಬಳಿ ಇವೆ. ಪ್ರೋಟೀನು ಕತ್ತರಿಸುವ ಕಿಣ್ವಗಳು ಹುಳಿ ವಾತಾವರಣದಲ್ಲಿ ಚುರುಕು. ಸೆಟ್ಟಿನ ಕೆಳಗಿನ ಅಂಗುಳ ಹುಳಿಯಾಗಿರುತ್ತದೆ ಎಂಬ ಮಾತು ಮುಂದೆ ಬರುತ್ತದೆ.

ಮೂರನೆಯದು ವಿಷ. ಮನುಷ್ಯನಿಗೆ ರೋಗ ತರುವ ಫಂಗಸ್ಸುಗಳಲ್ಲಿ ಬ್ಯಾಕ್ಟೀರಿಯಾಗಳಂತೆ ಕೋಶವನ್ನು ತೂತು ಮಾಡುವ ಪೆಪ್ಟೈಡ್ ವಿಷ ಇದೆಯೆಂದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. 2016ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತು ಜರ್ಮನಿಯ ಯೇನಾ ನಗರದ ವಿಜ್ಞಾನಿಗಳು ಸೇರಿ ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಗುರುತಿಸಿದರು. ಕೇವಲ 31 ಅಮೈನೊ ಆಮ್ಲಗಳ ಪುಟ್ಟ ಸರಪಳಿ. ಎಳೆಗಳು ಮಾತ್ರ ಇದನ್ನು ಸ್ರವಿಸುತ್ತವೆ. ಎಳೆ ಬಾಯಿಯ ಕೋಶದ ಮೇಲೆ ಒತ್ತಿಕೊಂಡು ಬೆಳೆದಲ್ಲಿ ವಿಷ ಶೇಖರವಾಗಿ ಕೋಶದ ಪೊರೆ ಹರಿಯುತ್ತದೆ. ಮೈಯ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತುಕೊಳ್ಳುವುದೂ ಈ ವಿಷದ ಸುಳಿವು ಹಿಡಿದೇ. ಯೀಸ್ಟಾಗಿ ಸುಮ್ಮನಿದ್ದಾಗ ಸಹಿಸಿಕೊಳ್ಳುವ ದೇಹ, ಎಳೆ ಬಿಟ್ಟಾಗ ಕೆರಳುತ್ತದೆ. ಕೆಂಪು, ಉರಿ, ಊತ ಎಲ್ಲ ಆ ಕೆರಳಿಕೆಯ ಫಲ.

ಇಷ್ಟೆಲ್ಲ ಆಯುಧಗಳಿದ್ದರೂ ಬಿಡಿಬಿಡಿಯಾಗಿ ತೇಲುವ ಕ್ಯಾಂಡಿಡಾವನ್ನು ಮಣಿಸುವುದು ಅಂಥ ಕಷ್ಟವೇನಲ್ಲ, ನಮ್ಮ ಔಷಧಗಳು ಅದಕ್ಕೆ ಸಾಕು. ಕಷ್ಟ ಶುರುವಾಗುವುದು ಅದು ಗುಂಪುಕಟ್ಟಿ ಯಾವುದಾದರೊಂದು ಮೇಲ್ಮೈಗೆ ಅಂಟಿ ಪದರವಾದಾಗ. ಇದೇ ಬಯೋಫಿಲ್ಮ್. ಬಚ್ಚಲುಮನೆಯ ಕಲ್ಲಿಗೆ ಕಟ್ಟುವ ಜಾರು ಪಾಚಿಯನ್ನು ಎಷ್ಟು ಬಿಂದಿಗೆ ನೀರು ಸುರಿದರೂ ತೆಗೆಯಲಾಗದು, ತಿಕ್ಕಿಯೇ ತೆಗೆಯಬೇಕು, ಇದೂ ಹಾಗೆಯೇ.

ಹಲ್ಲಿನ ಸೆಟ್ಟನ್ನು ಮಾಡುವ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಮೇಲೆ ಈ ಪದರ ಹೇಗೆ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮಹಮೂದ್ ಘನ್ನೂಮ್ ಅವರ ತಂಡ ಗಂಟೆಗಂಟೆಗೂ ಗಮನಿಸಿ 2001ರಲ್ಲಿ ಪ್ರಕಟಿಸಿತು. ಮೊದಲ 11 ಗಂಟೆ ಕೋಶಗಳು ಅಂಟಿಕೊಂಡು ಸಣ್ಣ ಸಣ್ಣ ಗುಂಪುಗಳಾಗುತ್ತವೆ. 12ರಿಂದ 30 ಗಂಟೆಯೊಳಗೆ ಕೋಶಗಳ ಸುತ್ತ ಅಂಟುಲೋಳೆಯ ಹೊದಿಕೆ ಬೀಳುತ್ತದೆ. 38ರಿಂದ 72 ಗಂಟೆಯಲ್ಲಿ ಪದರ ಬಲಿತು, ಯೀಸ್ಟು ಮತ್ತು ಎಳೆಗಳು ಲೋಳೆಯೊಳಗೆ ಹುದುಗಿಹೋಗುತ್ತವೆ. ಪದರ ಬಲಿಯುತ್ತ ಹೋದಂತೆ ಫ್ಲುಕೊನಜೋಲ್‌ನಂಥ ಫಂಗಸ್ ಔಷಧಗಳಿಗೆ ಅದು ಜಗ್ಗುವುದು ಕಡಿಮೆಯಾಗುತ್ತದೆ. ಬೇರೆ ಬೇರೆ ಪ್ರಯೋಗಗಳಲ್ಲಿ ಬಿಡಿ ಕೋಶಗಳಿಗೆ ಸಾಕಾದ ಔಷಧದ ಸಾವಿರ ಪಟ್ಟು ಹಾಕಿದರೂ ಬಲಿತ ಬಯೋಫಿಲ್ಮ್ ಉಳಿದದ್ದುಂಟು.

ಹೀಗೆ ಉಳಿಯುವುದಕ್ಕೆ ಕಾರಣಗಳು ಹಲವು. ಲೋಳೆಯಲ್ಲಿರುವ ಬೀಟಾ-ಗ್ಲೂಕನ್ ಎಂಬ ಸಕ್ಕರೆಯ ಸರಪಳಿ ಔಷಧವನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ಒಳಹೊಕ್ಕಷ್ಟನ್ನು ಕೋಶದ ಪೊರೆಯಲ್ಲಿರುವ ಪಂಪುಗಳು ಹೊರಕ್ಕೆ ಎಸೆಯುತ್ತವೆ. ಪದರದ ಆಳದಲ್ಲಿ ಬೆರಳೆಣಿಕೆಯ ಕೆಲವು ಕೋಶಗಳು ಜಡವಾಗಿ ಕುಳಿತಿರುತ್ತವೆ. ಬೆಳೆಯುವ ಕೋಶವನ್ನು ತಡೆಯುವ ಔಷಧಕ್ಕೆ ಬೆಳೆಯದೆ ಕುಳಿತದ್ದರ ಹತ್ತಿರ ಕೆಲಸವೇ ಇಲ್ಲ. ಔಷಧದ ಅವಧಿ ಮುಗಿದ ಮೇಲೆ ಮತ್ತೆ ಊರು ಕಟ್ಟುವವು ಇವೇ. ಬಲಿತ ಪದರದಿಂದ ಯೀಸ್ಟು ಕೋಶಗಳು ಆಗಾಗ ಕಳಚಿಕೊಂಡು ಬಾಯಿಯ ಇತರ ಕಡೆ ನೆಲೆ ಹುಡುಕುತ್ತವೆ. ಅಂದರೆ ಅಂಗುಳಕ್ಕೆ ಪೇಂಟ್ ಹಚ್ಚಿ ಅದೇ ಸೆಟ್ಟನ್ನು ಮೇಲೆ ಕೂರಿಸಿಕೊಂಡರೆ, ವಾಸಿಯಾಗುತ್ತಿರುವ ಜಾಗಕ್ಕೆ ದಿನವೂ ಹೊಸ ಬೀಜ ಬಿತ್ತಿದಂತಾಯಿತು.

ಈ ಪದರದಲ್ಲಿ ಕ್ಯಾಂಡಿಡಾ ಒಂಟಿಯಾಗಿರುವುದೂ ಅಪರೂಪ. ಬಾಯಿಯ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳು ಅದರ ಎಳೆಗಳಿಗೆ ಅಂಟಿಕೊಂಡು ಬದುಕುತ್ತವೆ, ಒಂದಕ್ಕೊಂದು ನೆರವಾಗುತ್ತವೆ. ಹಲ್ಲು ಹುಳುಕು ಮಾಡುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬಿಡುವ ಒಂದು ಕಿಣ್ವ ಕ್ಯಾಂಡಿಡಾದ ಮೈಗೇ ಅಂಟಿ, ನಾವು ತಿಂದ ಸಕ್ಕರೆಯಿಂದ ಅಲ್ಲೇ ಅಂಟು ತಯಾರಿಸುತ್ತದೆ. ಬಾಟಲಿ ಹಾಲು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಮಕ್ಕಳ ಹುಳುಕಿನಲ್ಲಿ ಈ ಎರಡೂ ಜೊತೆಯಾಗಿ ಸಿಗುವುದು ಈ ಕಾರಣಕ್ಕೆ.

ಸೆಟ್ಟಿನ ಒಳಮೈ

ಬಾಯಿಯಿಂದ ತೆಗೆದ ಮೇಲಿನ ಸೆಟ್ಟನ್ನು ಒಮ್ಮೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ಹೊರಮೈ ಗಾಜಿನಂತೆ ಹೊಳೆಯುತ್ತದೆ, ಲ್ಯಾಬಿನಲ್ಲಿ ಪಾಲಿಶ್ ಮಾಡಿರುತ್ತಾರೆ. ಅಂಗುಳಕ್ಕೆ ಕೂರುವ ಒಳಮೈಗೆ ಪಾಲಿಶ್ ಇಲ್ಲ. ಮಾಡಿದರೆ ಅಳತೆ ತಪ್ಪಿ ಸಡಿಲವಾಗುತ್ತದೆ. ಅಂಗುಳದ ಗೆರೆಗಳೆಲ್ಲ ಅಚ್ಚೊತ್ತಿದ ಆ ಒರಟು ಮೈಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿರುತ್ತವೆ. ಉಗುರಿನಿಂದ ಗೀರಿದಾಗ ತೆಳ್ಳನೆಯ ಬೆಳ್ಳನೆಯ ಲೋಳೆ ಉಗುರಿಗೆ ಹತ್ತಿತೆಂದರೆ ಅದೇ ನಾವು ಮಾತಾಡುತ್ತಿರುವ ಪದರ. ವಾಸನೆಯೂ ಇರುತ್ತದೆ.

ಈ ಒಳಮೈ ಮತ್ತು ಅಂಗುಳದ ನಡುವೆ ಜೊಲ್ಲು ಹರಿಯುವುದಿಲ್ಲ. ಗಾಳಿ ಕಡಿಮೆ, ಹುಳಿ ಹೆಚ್ಚು. ಕೆಳಗಿನ ಸೆಟ್ಟಿನ ಅಡಿಯಲ್ಲಿ ಜೊಲ್ಲು ಸುಳಿದಾಡುವುದರಿಂದ ಅಲ್ಲಿ ಈ ತೊಂದರೆ ಅಪರೂಪ. ಮೇಲಿನ ಸೆಟ್ಟಿನ ಅಡಿ ಅಂಗುಳ ಕೆಂಪಾಗುವುದಕ್ಕೆ ದಂತವೈದ್ಯರು ಡೆಂಚರ್ ಸ್ಟೊಮಟೈಟಿಸ್ ಎನ್ನುತ್ತಾರೆ. 1962ರಲ್ಲಿ ನ್ಯೂಟನ್ ಎಂಬವರು ಮಾಡಿದ ವಿಂಗಡಣೆಯನ್ನೇ ಇಂದಿಗೂ ಬಳಸುತ್ತಾರೆ: ಮೊದಲು ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಆಮೇಲೆ ಸೆಟ್ಟು ಕೂರುವಷ್ಟೂ ಜಾಗ ಒಂದೇ ಸಮ ಕೆಂಪು, ಕೊನೆಗೆ ಅಂಗುಳದ ನಡುವೆ ಸಣ್ಣ ಸಣ್ಣ ಗಂಟುಗಳು. ಸೋಂಕು ಎಂದರೆ ಬಿಳಿ ಪೊರೆ ಎಂದುಕೊಂಡವರು ಇಲ್ಲಿ ಮೋಸ ಹೋಗುತ್ತಾರೆ. ಸೆಟ್ಟಿನ ಅಡಿಯ ಸೋಂಕು ಬಹುತೇಕ ಕೆಂಪಾಗಿರುತ್ತದೆ. ನೋವೂ ಇಲ್ಲದಿರಬಹುದು. ಹಾಗಾಗಿ ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿರುವುದಿಲ್ಲ. ಮೊದಲು ದೂರು ಹೇಳುವುದು ಕಟಬಾಯಿ. ಹಳೆಯ ಸೆಟ್ಟು ಸವೆದು ಬಾಯಿ ಹೆಚ್ಚು ಮುಚ್ಚಿಕೊಂಡು, ತುಟಿಯ ಮೂಲೆಯಲ್ಲಿ ಮಡಿಕೆ ಬಿದ್ದು, ಅಲ್ಲಿ ಜೊಲ್ಲು ನಿಂತು ಸೀಳುತ್ತದೆ. ಕಟಬಾಯಿ ಸೀಳಿದಾಗ ಕಬ್ಬಿಣದ ಅಂಶ ಮತ್ತು ಬಿ-12 ವಿಟಮಿನ್ನಿನ ಪರೀಕ್ಷೆಯೂ ಆಗಬೇಕು, ವಿಶೇಷವಾಗಿ ಸಸ್ಯಾಹಾರಿಗಳಲ್ಲಿ.

ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಸರ್ಕಾರವೇ ಉಚಿತವಾಗಿ ಸೆಟ್ಟು ಕಟ್ಟಿಸಿಕೊಡುವ ದಂತ ಭಾಗ್ಯ ಯೋಜನೆ ಬಂದಿತು. ಒಳ್ಳೆಯ ಕೆಲಸ. ಆದರೆ ಎಲ್ಲೇ ಕಟ್ಟಿಸಿದರೂ, ಸೆಟ್ಟು ಕೈಗಿಡುವಾಗ ಜಗಿಯುವುದನ್ನು ಹೇಳಿಕೊಡುವಷ್ಟು ಸಾವಧಾನದಿಂದ ತೊಳೆಯುವುದನ್ನು ಹೇಳಿಕೊಡುವುದಿಲ್ಲ ಎಂಬುದು ನನ್ನ ತಕರಾರು. ಹಲ್ಲು ಹೋದ ಮೇಲೆ ಉಜ್ಜುವುದೇನಿದೆ ಎಂದು ತಿಳಿದವರೇ ಹೆಚ್ಚು.

ತೊಳೆಯುವ ಬಗೆ ಇದು. ಸಿಂಕಿನಲ್ಲಿ ಅರ್ಧ ನೀರು ತುಂಬಿ ಅಥವಾ ದಪ್ಪ ಟವೆಲ್ ಹಾಸಿ, ಅದರ ಮೇಲೆ ಹಿಡಿದು ತೊಳೆಯಿರಿ. ಒದ್ದೆ ಕೈಯಿಂದ ಜಾರಿ ಕಲ್ಲಿಗೆ ಬಿದ್ದರೆ ಸೆಟ್ಟು ಎರಡು ತುಂಡು. ಮೆತ್ತನೆಯ ಬ್ರಷ್ಷನ್ನು ಸೆಟ್ಟಿಗೆಂದೇ ಬೇರೆ ಇಟ್ಟುಕೊಳ್ಳಿ. ಕೈ ತೊಳೆಯುವ ದ್ರವ ಸೋಪು ಸಾಕು. ಟೂತ್‌ಪೇಸ್ಟು, ಹಲ್ಲುಪುಡಿ, ಇದ್ದಿಲು, ಬೂದಿ ಬೇಡವೇ ಬೇಡ. ಅವು ಅಕ್ರಿಲಿಕ್ಕನ್ನು ಗೀರುತ್ತವೆ, ಪ್ರತಿ ಗೀರೂ ಫಂಗಸ್ಸಿಗೆ ಹೊಸ ಮನೆ. ಉಜ್ಜುವಾಗ ಹೆಚ್ಚು ಹೊತ್ತು ಹೊಳೆಯುವ ಹಲ್ಲುಗಳ ಕಡೆ ಕೊಡದೆ ಒಳಮೈಗೆ ಕೊಡಿ. ಕುದಿಯುವ ನೀರಿಗೆ ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರೇ ಸರಿ. ಊಟವಾದ ಮೇಲೆ ಪ್ರತಿ ಸಲ ತೆಗೆದು ಬರೀ ನೀರಿನಲ್ಲಾದರೂ ತೊಳೆಯಬೇಕು. ಪೂರ್ತಿಯಾಗಿ ಉಜ್ಜುವುದು ರಾತ್ರಿ ತಪ್ಪಬಾರದು. ಕ್ಲೀವ್‌ಲ್ಯಾಂಡಿನ ಗಂಟೆಗಳ ಲೆಕ್ಕವನ್ನು ಇಲ್ಲಿ ನೆನಪಿಸಿಕೊಳ್ಳಿ: ದಿನಕ್ಕೊಮ್ಮೆ ಚೆನ್ನಾಗಿ ತಿಕ್ಕಿದರೆ ಪದರಕ್ಕೆ ಬಲಿಯುವಷ್ಟು ಸಮಯವೇ ಸಿಗುವುದಿಲ್ಲ. ಮೂರು ದಿನಕ್ಕೊಮ್ಮೆ ತಿಕ್ಕುವುದು ಬಲಿತ ಪದರದ ಮೇಲೆ ಕೈಯಾಡಿಸಿದ ಹಾಗೆ.

ಉಜ್ಜಿದ ಮೇಲೆ ನೆನೆಹಾಕುವುದು. ಅಂಗಡಿಯಲ್ಲಿ ಸಿಗುವ ಸೆಟ್ ತೊಳೆಯುವ ಮಾತ್ರೆಗಳನ್ನು ನೀರಿನಲ್ಲಿ ಕರಗಿಸಿ ಬಳಸಬಹುದು. ಅವು ನೆನೆಹಾಕುವುದಕ್ಕೆ ಮಾತ್ರ, ಬಾಯಿಗೆ ಹಾಕುವಂಥವಲ್ಲ. ಮಕ್ಕಳ ಕೈಗೂ, ಮರೆವಿನ ಕಾಯಿಲೆಯಿರುವ ಹಿರಿಯರ ಕೈಗೂ ಸಿಗದಂತಿಡಿ. ಸೋಂಕು ಗಟ್ಟಿಯಾಗಿದ್ದರೆ ದಂತವೈದ್ಯರು ಶೇಕಡ 0.5ರ ಸೋಡಿಯಂ ಹೈಪೊಕ್ಲೋರೈಟ್, ಅಂದರೆ ತೆಳು ಮಾಡಿದ ಬ್ಲೀಚ್ ದ್ರಾವಣ ಹೇಳಬಹುದು. ಹತ್ತು ನಿಮಿಷ ಮೀರಬಾರದು. ಲೋಹದ ಕೊಕ್ಕೆ ಅಥವಾ ಲೋಹದ ತಳವಿರುವ ಸೆಟ್ಟಿಗೆ ಇದು ನಿಷಿದ್ಧ, ತುಕ್ಕು ಹಿಡಿಯುತ್ತದೆ. ಒಳಗೆ ಮೆತ್ತನೆಯ ಪದರ ಹಾಕಿಸಿದ ಸೆಟ್ಟಿಗೆ ಏನು ಬಳಸಬೇಕೆಂದು ಕೇಳಿಯೇ ಮುಂದುವರಿಯಿರಿ. ಯಾವ ದ್ರಾವಣದಲ್ಲಿ ನೆನೆಸಿದರೂ ಬಾಯಿಗೆ ಹಾಕಿಕೊಳ್ಳುವ ಮುನ್ನ ಹರಿಯುವ ನೀರಿನಲ್ಲಿ ತೊಳೆಯಬೇಕು. ನೆನೆಹಾಕುವುದು ಉಜ್ಜುವುದಕ್ಕೆ ಬದಲಿಯಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಜಾಹೀರಾತುಗಳು ಹಾಗೆ ಹೇಳುವುದಿಲ್ಲ. ಸೆಟ್ಟು ಇಡುವ ಡಬ್ಬಿಯನ್ನೂ ತೊಳೆಯಿರಿ, ನೀರನ್ನು ದಿನವೂ ಬದಲಿಸಿ.

ರಾತ್ರಿ ಸೆಟ್ಟು ತೆಗೆದಿಟ್ಟು ಮಲಗುವುದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಷ್ಟವೂ ಅದೇ. ಬೊಚ್ಚು ಬಾಯಿ ಮೊಮ್ಮಕ್ಕಳಿಗೆ ಕಾಣಬಾರದು ಎಂಬ ಸಂಕೋಚ ಅಜ್ಜಿಗೆ. ‘ಮಾವ, ಸೆಟ್ ತೆಗೆದಿಡಿ’ ಎಂದು ಹೇಳುವ ಸಂಕೋಚ ಸೊಸೆಗೆ. ಜಪಾನಿನಲ್ಲಿ 85 ದಾಟಿದ 524 ಹಿರಿಯರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸಂಕೋಚವನ್ನು ಬಿಡಿಸುವಂತಿದೆ. ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗೂ ಹೆಚ್ಚಿತ್ತು. ಅವರ ನಾಲಿಗೆಯ ಮೇಲೆ, ಸೆಟ್ಟಿನ ಮೇಲೆ ಸೂಕ್ಷ್ಮಜೀವಿಗಳ ಪದರವೂ ಹೆಚ್ಚಾಗಿತ್ತು. ನಿದ್ದೆಯಲ್ಲಿ ಜೊಲ್ಲು ಶ್ವಾಸಕೋಶಕ್ಕೆ ಇಳಿಯುವುದು ಆ ವಯಸ್ಸಿನಲ್ಲಿ ಹೊಸದೇನಲ್ಲ. ಅಂಗುಳಕ್ಕೂ ಎಂಟು ಗಂಟೆ ಜೊಲ್ಲು ತಾಗಲಿ. ಮಲಗುವ ಮುನ್ನ ಒದ್ದೆ ಬಟ್ಟೆಯಿಂದ ಅಂಗುಳ, ವಸಡು, ನಾಲಿಗೆಯನ್ನು ಒರೆಸಿದರೆ ಇನ್ನೂ ಒಳ್ಳೆಯದು.

ಮೌತ್ ಪೇಂಟ್ ಹಚ್ಚುವ ಕ್ರಮ

ಬಾಯಿಗೆ ಹಚ್ಚುವ ಔಷಧಗಳಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವವು ಕ್ಲೋಟ್ರಿಮಜೋಲ್ ಮೌತ್ ಪೇಂಟ್, ಮೈಕೊನಜೋಲ್ ಜೆಲ್, ನಿಸ್ಟಾಟಿನ್ ದ್ರಾವಣ. ನಿಸ್ಟಾಟಿನ್‌ಗೆ ಒಂದು ಚಂದದ ಹಿನ್ನೆಲೆಯಿದೆ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಬೇರೆ ಬೇರೆ ಊರುಗಳಲ್ಲಿ ಕುಳಿತು, ಮಣ್ಣಿನ ಮಾದರಿಗಳಿಂದ ಬೆಳೆಸಿದ್ದನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತ 1950ರಲ್ಲಿ ಇದನ್ನು ಕಂಡುಹಿಡಿದರು. ವರ್ಜೀನಿಯಾದ ಡೇರಿ ಫಾರ್ಮೊಂದರ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದ ಔಷಧ. ಪೇಟೆಂಟಿನಿಂದ ಬಂದ ಒಂದು ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ಇಬ್ಬರೂ ವಿಜ್ಞಾನ ಸಂಶೋಧನೆಗೇ ಬಿಟ್ಟುಕೊಟ್ಟರು.

ಈ ಔಷಧಗಳು ಮುಟ್ಟಿದ ಕಡೆ ಮಾತ್ರ ಕೆಲಸ ಮಾಡುತ್ತವೆ. ಆದ್ದರಿಂದ ಸೆಟ್ಟು ತೆಗೆದು ಹಚ್ಚಬೇಕು. ಹೇಳಲೇಬೇಕಾಗಿಲ್ಲದ ಮಾತು ಅನಿಸಬಹುದು, ಆದರೆ ಸೆಟ್ಟು ಹಾಕಿಕೊಂಡೇ ದ್ರಾವಣ ಮುಕ್ಕಳಿಸುವವರಿದ್ದಾರೆ. ಅದು ಅಂಗುಳಕ್ಕೆ ತಲುಪುವುದೇ ಇಲ್ಲ. ಹಚ್ಚಿದ ಅರ್ಧ ಗಂಟೆ ತಿನ್ನುವುದು ಕುಡಿಯುವುದು ಬೇಡ. ತೊಳೆದ ಸೆಟ್ಟಿನ ಒಳಮೈಗೂ ಜೆಲ್ ಸವರುವಂತೆ ವೈದ್ಯರು ಹೇಳಿದ್ದರೆ ಅದನ್ನು ಬಿಡಬೇಡಿ. ಚಿಕಿತ್ಸೆಯ ಅವಧಿ ಸಾಮಾನ್ಯವಾಗಿ 7ರಿಂದ 14 ದಿನ; ಮೂರನೇ ದಿನಕ್ಕೆ ಉರಿ ನಿಂತಿತೆಂದು ಬಾಟಲಿ ಎತ್ತಿಟ್ಟರೆ ಪದರದ ಆಳದಲ್ಲಿ ಕುಳಿತ ಆ ಜಡ ಕೋಶಗಳಿಗೆ ಅನುಕೂಲ. ಕ್ಲೋರ್‌ಹೆಕ್ಸಿಡೀನ್ ಮೌತ್‌ವಾಶ್ ಮತ್ತು ನಿಸ್ಟಾಟಿನ್ ಎರಡನ್ನೂ ಬರೆದಿದ್ದರೆ ಒಂದರ ಬೆನ್ನಿಗೇ ಇನ್ನೊಂದು ಬಳಸಬೇಡಿ, ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ. ನಡುವೆ ಒಂದು ಗಂಟೆಯಾದರೂ ಇರಲಿ. ಹಲವು ನಿಸ್ಟಾಟಿನ್ ದ್ರಾವಣಗಳಲ್ಲಿ ಸಕ್ಕರೆ ಇರುತ್ತದೆ, ಸಕ್ಕರೆ ಕಾಯಿಲೆಯವರು ಲೇಬಲ್ ಓದಬೇಕು.

ಫ್ಲುಕೊನಜೋಲ್ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗುವ ರೂಢಿ ಅಪಾಯಕಾರಿ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಇದು ರಕ್ತವನ್ನು ಮಿತಿಮೀರಿ ತೆಳುವಾಗಿಸಬಲ್ಲದು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಗಳ ಜೊತೆ ಸೇರಿ ಸಕ್ಕರೆ ಅಂಶವನ್ನು ಕುಸಿಯುವಂತೆ ಮಾಡಬಲ್ಲದು. ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಜೊತೆಗೂ ಹೊಂದುವುದಿಲ್ಲ. ಬಾಯಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ವಾರ್ಫರಿನ್ ಜೊತೆ ಇದೇ ತೊಂದರೆ ಕೊಡುತ್ತದೆ. ಬರೀ ಜೆಲ್ ತಾನೇ ಎಂದು ಹಗುರವಾಗಿ ಕಾಣುವಂತಿಲ್ಲ. ಇನ್ನು, ಪದೇಪದೇ ಅರ್ಧಂಬರ್ಧ ಮಾತ್ರೆ ನುಂಗಿದರೆ ಆಲ್ಬಿಕನ್ಸ್ ಹಿಂದೆ ಸರಿದು, ಮೊದಲೇ ಈ ಔಷಧಕ್ಕೆ ಅಷ್ಟಾಗಿ ಬಗ್ಗದ ಗ್ಲಾಬ್ರಾಟಾ ಎಂಬ ಪ್ರಭೇದ ಮುಂದೆ ಬರುತ್ತದೆ. ಸೆಟ್ಟು ಹಾಕುವ ಹಿರಿಯರಲ್ಲಿ ಇದು ಈಗಾಗಲೇ ಮಾಮೂಲಿ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಅಪಾಯಕಾರಿ ಫಂಗಸ್ಸುಗಳ ಪಟ್ಟಿ ಮಾಡಿದಾಗ ಕ್ಯಾಂಡಿಡಾ ಆಲ್ಬಿಕನ್ಸನ್ನು ಅತಿ ಗಂಭೀರ ಗುಂಪಿನಲ್ಲಿಟ್ಟಿತು. ಅದು ರಕ್ತಕ್ಕೆ ಇಳಿದಾಗಿನ ಅಪಾಯವನ್ನು ಕಂಡು ಇಟ್ಟದ್ದು ನಿಜ. ಆದರೂ ಬಾಯಲ್ಲಿ ಔಷಧವನ್ನು ಪೋಲು ಮಾಡಿಕೊಳ್ಳದಿರಲು ಇದೂ ಒಂದು ಕಾರಣ.

ಮನೆಮದ್ದಿನ ಬಗ್ಗೆ ಕೇಳುವವರಿಗೆ: ಕೊಬ್ಬರಿ ಎಣ್ಣೆ ಮುಕ್ಕಳಿಸುವುದರಿಂದ ಹಾನಿಯಿಲ್ಲ, ಬಲಿತ ಪದರವನ್ನು ಅದು ಕೀಳುತ್ತದೆಂದು ನಂಬಿ ಕೂರಬೇಡಿ. ಜೇನುತುಪ್ಪ ಹಚ್ಚುವುದು ಬೇಡ, ಸಕ್ಕರೆಯೇ ಇದರ ಊಟ. ಮೊಸರು ಊಟಕ್ಕೆ ಒಳ್ಳೆಯದು, ಔಷಧವಲ್ಲ.

ಸೆಟ್ಟಿಲ್ಲದವರಿಗೆ

ಆಸ್ತಮಾಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಬಳಸುವವರು ಪ್ರತಿ ಸಲ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಸ್ಪೇಸರ್ ಜೋಡಿಸಿದರೆ ಬಾಯಲ್ಲಿ ಉಳಿಯುವ ಔಷಧ ಕಡಿಮೆಯಾಗುತ್ತದೆ. ಎಳೆಗೂಸಿನ ನಾಲಿಗೆಯ ಬಿಳಿ ಮೆಲ್ಲಗೆ ಒರೆಸಿದಾಗ ಸಲೀಸಾಗಿ ಹೋದರೆ ಅದು ಹಾಲು, ಸಲೀಸಾಗಿ ಹೋಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಹಾಲೂಡಿಸುವ ತಾಯಿಯ ಮೊಲೆತೊಟ್ಟಿಗೂ ಚಿಕಿತ್ಸೆ ಬೇಕಾಗಬಹುದು. ಕ್ಯಾನ್ಸರಿಗೆ ಕುತ್ತಿಗೆ ಮತ್ತು ಬಾಯಿಯ ಭಾಗಕ್ಕೆ ರೇಡಿಯೇಶನ್ ಆದವರಲ್ಲಿ ಜೊಲ್ಲಿನ ಗ್ರಂಥಿಗಳು ಒಣಗಿ ಈ ಸೋಂಕು ಪದೇಪದೇ ಬರುತ್ತದೆ, ಅವರಲ್ಲಿ ಸೆಟ್ಟು ಹಾಕುವವರಿದ್ದರೆ ಅದರ ಶುಚಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಯಾವ ಕಾರಣವೂ ಕಾಣದೆ ಯುವಕರ, ಮಧ್ಯವಯಸ್ಕರ ಬಾಯಲ್ಲಿ ಬಿಳಿ ಪೊರೆ ಕಟ್ಟಿದರೆ ರಕ್ತದ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಎರಡೂ ಆಗಬೇಕು. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಲಾಸ್ ಏಂಜಲೀಸಿನ ಐವರು ಯುವಕರ ಬಗ್ಗೆ ಒಂದು ಪುಟ್ಟ ವರದಿ ಪ್ರಕಟಿಸಿತು. ಏಡ್ಸ್ ಬಗ್ಗೆ ಜಗತ್ತಿಗೆ ಸಿಕ್ಕ ಮೊದಲ ಸುಳಿವು ಅದು. ಆ ಐವರಿಗೂ ಅಪರೂಪದ ನ್ಯುಮೋನಿಯಾದ ಜೊತೆ ಕ್ಯಾಂಡಿಡಾ ಸೋಂಕೂ ಇತ್ತು.

ನಮ್ಮ ಕಡೆ ಇನ್ನೊಂದು ಗೊಂದಲವಿದೆ. ಎಲೆ ಅಡಿಕೆ, ತಂಬಾಕು, ಗುಟ್ಕಾ ಹಾಕುವವರ ಬಾಯಲ್ಲಿ ಕಾಣುವ ಬಿಳಿ ಮಚ್ಚೆಯನ್ನು ಫಂಗಸ್ ಎಂದುಕೊಂಡು ತಿಂಗಳುಗಟ್ಟಲೆ ಪೇಂಟ್ ಹಚ್ಚುವವರಿದ್ದಾರೆ. ಫಂಗಸ್ಸಿನ ಬಿಳಿ ಪೊರೆಯನ್ನು ಹತ್ತಿ ಬಟ್ಟೆಯಿಂದ ಒರೆಸಿದರೆ ಕಿತ್ತು ಬಂದು ಅಡಿಯಲ್ಲಿ ಕೆಂಪು ಕಾಣುತ್ತದೆ. ಒರೆಸಿದರೂ ಕದಲದ ಬಿಳಿ ಲ್ಯುಕೊಪ್ಲೇಕಿಯಾ ಆಗಿರಬಹುದು, ಕೆಲವು ಮುಂದೆ ಕ್ಯಾನ್ಸರಿಗೆ ತಿರುಗುತ್ತವೆ. ಬೀಡಿ ಸಿಗರೇಟು ಸೇದುವವರ ಕಟಬಾಯಿಯ ಒಳಭಾಗದಲ್ಲಿ ಕ್ಯಾಂಡಿಡಾ ಸೇರಿಕೊಂಡ ಲ್ಯುಕೊಪ್ಲೇಕಿಯಾ ಬರುವುದುಂಟು. ಅದರ ಮೇಲೆ ಹೆಚ್ಚು ಕಣ್ಣಿಡಬೇಕು. ಇನ್ನು ಖಾರ ತಾಗಿದರೆ ಉರಿ, ಜೊತೆಗೆ ಬಾಯಿ ಮೊದಲಿನಷ್ಟು ಅಗಲ ತೆರೆಯಲಾಗುತ್ತಿಲ್ಲ ಎಂದರೆ ಅದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಯಾವ ಫಂಗಸ್ ಔಷಧವೂ ಅದಕ್ಕೆ ನಾಟುವುದಿಲ್ಲ. ಎರಡು ವಾರ ಕಳೆದರೂ ಹೋಗದ ಯಾವ ಮಚ್ಚೆಗೂ ದಂತವೈದ್ಯರ ಕಣ್ಣು, ಬೇಕಿದ್ದರೆ ಬಯಾಪ್ಸಿ ಬೇಕು.

ಮತ್ತೆ ಸೆಟ್ಟಿನವರಿಗೆ ಒಂದು ಮಾತು: ಹೊಸ ಸೆಟ್ಟು ಬೇಕೋ ಹಳೆಯದೇ ಸಾಕೋ ಎಂಬುದನ್ನೂ ದಂತವೈದ್ಯರ ಭೇಟಿಯಲ್ಲೇ ಕೇಳಿ. ಐದರಿಂದ ಏಳು ವರ್ಷ ದಾಟಿದ ಸೆಟ್ಟಿನ ಮೈ ಸವೆದು ರಂಧ್ರ ಹೆಚ್ಚಾಗಿರುತ್ತದೆ, ಹಿಡಿತವೂ ತಪ್ಪಿರುತ್ತದೆ. ಒಳಮೈಗೆ ಹೊಸ ಪದರ ಹಾಕಿಸಿ ಸರಿಪಡಿಸಬಹುದು ಅಥವಾ ಬದಲಿಸಬೇಕಾಗಬಹುದು. ಅಂಗುಳದ ಸೋಂಕು ವಾಸಿಯಾದ ಮೇಲೆಯೇ ಹೊಸದರ ಅಳತೆ ಕೊಡಬೇಕು, ಊದಿದ ಅಂಗುಳಕ್ಕೆ ಅಳತೆ ತೆಗೆದರೆ ಊತ ಇಳಿದ ಮೇಲೆ ಸೆಟ್ಟು ಕೂರುವುದಿಲ್ಲ. ದಂತವೈದ್ಯರ ಬಳಿ ಹೋಗುವಾಗ ಸೆಟ್ಟನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಕೆಳಗಿನದು ಮೇಲಿನದು ಎರಡನ್ನೂ, ಹಾಕಿಕೊಳ್ಳದೆ ಬಿಟ್ಟ ಹಳೆಯದಿದ್ದರೆ ಅದನ್ನೂ, ದಿನವೂ ನುಂಗುವ ಮಾತ್ರೆಗಳ ಚೀಟಿಯ ಜೊತೆ ಡಬ್ಬಿಯಲ್ಲಿಟ್ಟು ಒಯ್ಯಿರಿ. ಅವರು ನಿಮ್ಮ ಬಾಯಿಯನ್ನಷ್ಟೇ ನೋಡಿ ಚೀಟಿ ಬರೆಯಲು ಹೊರಟರೆ, ಸೆಟ್ಟಿನ ಒಳಮೈಯನ್ನೂ ಒಮ್ಮೆ ನೋಡಿ ಎಂದು ನೀವೇ ಕೇಳಿ.